ಎಷ್ಟು ಬಾಲ್ ಅಲ್ಲ, ಎಲ್ಲಿ ಬಿದ್ದವು?

ಗಾಂಧಿ ಚೌಕದ ಚಹಾ ಅಂಗಡಿ ಮುಂದೆ ಬೌಲರ್ ಹುಡುಗನೊಬ್ಬ ಸಿಕ್ಕ. ‘ಇವತ್ತ ನೂರು ಬಾಲ್ ಹಾಕೇನ್ರಿ ಅಣ್ಣಾರ’ ಅಂದ. ‘ನೀ ಅನ್ಕೊಂಡಲ್ಲೇ ಎಷ್ಟ ಬಿದ್ದಾವೋ?’ ಅಂತ ಕೇಳಿದೆ. ಸುಮ್ಮನಾದ.

ನಮ್ಮ ಮೈದಾನಗಳಲ್ಲಿ ಬೆವರಿಗೆ ಬರವಿಲ್ಲ, ಗುರಿಗೆ ಬರ.

ಗಾಲ್ಫ್ ನಮ್ಮ ಕಡೆಯ ಆಟವಲ್ಲ. ಆದರೆ ಪಾಠ ಅಲ್ಲೂ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ದಿನ ಆಡಿ ನಾಲ್ಕನೇ ಸ್ಥಾನ ಪಡೆದರು. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಅವರ ಹೊಡೆತ ಎದುರಾಳಿಗಳಷ್ಟು ದೂರ ಹೋಗುತ್ತಿರಲಿಲ್ಲ. ಕುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ತಳ್ಳುವ ನಿಖರತೆಯೇ ಅವರನ್ನು ಅಲ್ಲಿವರೆಗೆ ತಂದಿತು.

ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ಮೊದಲ ಪಂದ್ಯಗಳಲ್ಲಿ ಹೊರಗೇ ಕೂತಿದ್ದರು. ಅವಕಾಶ ಸಿಕ್ಕ ದಿನ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್. ಹೊರಗೆ ಕೂತಾಗಲೂ ಮನಸ್ಸು ಸಜ್ಜಾಗಿರಬೇಕು.

ತಮ್ಮಂದಿರೇ, ತಂಗಿಯರೇ, ನೂರು ಬೇಡ, ಇಪ್ಪತ್ತು ಸಾಕು. ಪಿಚ್ ಮೇಲೆ ಕರವಸ್ತ್ರ ಹಾಸಿ, ಎಷ್ಟು ಅದರ ಮೇಲೆ ಬಿದ್ದವು ಬರೆದಿಡಿ. ಕೊನೆಯ ಐದಕ್ಕೆ ಗೆಳೆಯರಿಂದ ಗದ್ದಲ ಮಾಡಿಸಿ. ತಪ್ಪಿದರೆ ಒಂದು ಉಸಿರು ಎಳೆದು ಮುಂದಿನದಕ್ಕೆ ಹೋಗಿ. ಪಂದ್ಯದ ದಿನ ಒತ್ತಡ ಹೊಸದಾಗಬಾರದು.