ಕಣ್ಣಿನ ಒತ್ತಡ

ನಮ್ಮ ಸಂಘದ ಭಾನುವಾರದ ಯೋಗತರಗತಿಯಲ್ಲಿ ಹಿರಿಯರೊಬ್ಬರು ಈಚೆಗೆ ಶೀರ್ಷಾಸನವನ್ನು ಬಿಟ್ಟರು. ಕನ್ನಡಕ ಬದಲಿಸಲು ಹೋದವರಿಗೆ ವೈದ್ಯರು, "ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ತಲೆಕೆಳಗಾಗಿ ನಿಲ್ಲಬೇಡಿ" ಎಂದರಂತೆ. "ರಕ್ತದೊತ್ತಡ ಸರಿಯಾಗಿದೆ, ಇದ್ಯಾವ ಒತ್ತಡ?" ಎಂದು ಅವರು ನಮ್ಮನ್ನು ಕೇಳಿದರು. ವಾಚಕರಲ್ಲಿ ಹಲವರಿಗೆ ಇದೇ ಸಂದೇಹವಿರಬಹುದು.

ಕಣ್ಣಿನೊಳಗೆ ತಿಳಿಯಾದ ದ್ರವವೊಂದು ಸದಾ ಒಸರುತ್ತಿರುತ್ತದೆ. ಒಸರಿದಷ್ಟೂ ಸೂಕ್ಷ್ಮ ರಂಧ್ರಗಳ ಮೂಲಕ ರಕ್ತನಾಳಗಳಿಗೆ ಇಳಿದುಹೋಗಬೇಕು. ಇದಕ್ಕೆ ತಡೆಯಾದರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಇದು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಹೆಚ್ಚಿದ ಒತ್ತಡ ಬಹುಕಾಲ ಉಳಿದರೆ ದೃಷ್ಟಿಯ ನರ ಸವೆಯಬಹುದು. ಅದೇ ಗ್ಲಾಕೋಮಾ. ಸಾಧಾರಣವಾಗಿ ನೋವಿರುವುದಿಲ್ಲ, ಪಕ್ಕದ ನೋಟ ಮೊದಲು ಕುಗ್ಗುತ್ತದೆ, ಹೋದ ದೃಷ್ಟಿ ಮರಳಿ ಬಾರದು.

ಈ ಒತ್ತಡ ಮೈಯ ಭಂಗಿಯೊಡನೆ ಬದಲಾಗುತ್ತದೆ. ಕುಳಿತಾಗ ಇದ್ದುದಕ್ಕಿಂತ ಮಲಗಿದಾಗ ಕೆಲವು ಮಿಲಿಮೀಟರ್ ಹೆಚ್ಚು. ತಲೆಯಿಂದ ರಕ್ತ ಸರಾಗವಾಗಿ ಇಳಿಯದೆ ದ್ರವದ ದಾರಿಯೂ ಬಿಗಿಯಾಗುವುದು ಇದಕ್ಕೊಂದು ಕಾರಣ. ನಮ್ಮ ಚೆನ್ನೈನ ಶಂಕರ ನೇತ್ರಾಲಯದವರು 75 ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ, ಶೀರ್ಷಾಸನದಲ್ಲಿ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತ ಕಣ್ಣಿನವರು ಇದಕ್ಕೆ ಗಾಬರಿಯಾಗಬೇಕಿಲ್ಲ. ಗ್ಲಾಕೋಮಾ ಇರುವವರು ಮಾತ್ರ ಇಂಥ ಆಸನಗಳನ್ನು ಬಿಡುವುದು ಲೇಸು.

ಇನ್ನು ಸ್ಥೂಲಕಾಯದ ಮಾತು. ತೂಕ ಹೆಚ್ಚಿದವರಲ್ಲಿ ಕಣ್ಣಿನ ಒತ್ತಡವೂ ಸರಾಸರಿಯಲ್ಲಿ ತುಸು ಹೆಚ್ಚು. ಕಣ್ಣುಗುಡ್ಡೆಯ ಹಿಂದಿನ ಕೊಬ್ಬು ರಕ್ತನಾಳಗಳನ್ನು ಅದುಮುವುದು ಇದಕ್ಕೆ ಕಾರಣವಿರಬಹುದೆಂದು ವೈದ್ಯರ ಅಭಿಪ್ರಾಯ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹೊಟ್ಟೆ ಮೇಜಿಗೊತ್ತಿ, ಉಸಿರು ಬಿಗಿಹಿಡಿದು ಯಂತ್ರಕ್ಕೆ ಮುಖವೊಡ್ಡಿದರೆ ಅಂಕಿ ಸುಮ್ಮನೆ ಏರಿಬಿಡುತ್ತದೆ. ಆದ್ದರಿಂದ ಪರೀಕ್ಷೆಯ ವೇಳೆ ಕೊರಳಪಟ್ಟಿ ಸಡಿಲಿಸಿ, ನೆಮ್ಮದಿಯಾಗಿ ಉಸಿರಾಡಿರಿ. ತೆಳ್ಳಗಿರುವವರಿಗೆ ಈ ರೋಗ ಬಾರದೆಂದೇನೂ ಇಲ್ಲ.

ನಾವು ಊರು ಬಿಟ್ಟು ಬಂದವರು. ಆದರೆ ವಂಶದ ಗುಣ ನಮ್ಮೊಡನೆಯೇ ಬರುತ್ತದೆ. "ಅಜ್ಜಿಗೆ ವಯಸ್ಸಾಗಿ ಕಣ್ಣು ಹೋಯಿತು" ಎಂಬ ಮಾತು ನಿಮ್ಮ ಮನೆಯಲ್ಲಿಯೂ ಉಂಟೆ? ಮುಂದಿನ ಸಲ ಊರಿಗೆ ಹೋದಾಗ ಏಕೆ ಹೋಯಿತೆಂದು ವಿಚಾರಿಸಿರಿ. ನಲವತ್ತು ದಾಟಿದವರು ಕನ್ನಡಕದ ಪರೀಕ್ಷೆಯ ಜೊತೆಗೆ ಒತ್ತಡವನ್ನೂ ನರವನ್ನೂ ತೋರಿಸಿಕೊಳ್ಳಿರಿ. ಹಾಕುವ ಆಸನಗಳನ್ನು ವೈದ್ಯರಿಗೆ ತಿಳಿಸಿರಿ. ಅವರು ಕೊಟ್ಟ ಹನಿಮದ್ದನ್ನು ನೀವಾಗಿ ನಿಲ್ಲಿಸಬೇಡಿರಿ.

ನಮ್ಮ ಹಿರಿಯರು ಈಗ ತರಗತಿಗೆ ನಡೆದೇ ಬರುತ್ತಾರೆ. ಶೀರ್ಷಾಸನದ ಸರದಿ ಬಂದಾಗ ಪದ್ಮಾಸನದಲ್ಲಿ ಕುಳಿತು ಉಳಿದವರನ್ನು ನೋಡುತ್ತಾರೆ.