ಹೊಗೆಯ ತಪಾಸಣೆಯೂ ನಾಗರಿಕ ಧರ್ಮವೂ

1898ನೆಯ ಇಸವಿಯಲ್ಲಿ ಬೆಂಗಳೂರಿಗೆ ಪ್ಲೇಗಿನ ಮಾರಿ ಬಂದೆರಗಿದ ತರುವಾಯ, ಪೇಟೆಯ ಇಕ್ಕಟ್ಟನ್ನು ತೊರೆದು ಗಾಳಿ ಬೆಳಕುಗಳನ್ನು ಅರಸಿ ಬಂದವರಿಂದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವೆಂಬುದು ವಾಚಕರಿಗೆ ವಿದಿತವೇ ಆಗಿದೆ. ನಿರ್ಮಲವಾದ ಗಾಳಿಯೇ ಈ ಬಡಾವಣೆಗಳ ಮೂಲಧನ. ಅದನ್ನು ನಾವೀಗ ನಮ್ಮ ನಮ್ಮ ಕಾರುಗಳ ಹೊಗೆಕೊಳವೆಗಳಿಂದ ಕರಗಿಸುತ್ತಿದ್ದೇವೆ. ಸಂಜೆಯ ಹೊತ್ತು ಗಾಂಧಿ ಬಜಾರಿನಲ್ಲಾಗಲಿ, ಸಂಪಿಗೆ ರಸ್ತೆಯಲ್ಲಾಗಲಿ ನಿಂತವರಿಗೆ ಬೇರೆ ಸಾಕ್ಷ್ಯ ಬೇಡ.

ಕಾಯಿದೆಯ ಕೊರತೆ ನಮಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದರಂತೆ, ನೋಂದಣಿಯಾಗಿ ವರ್ಷ ಕಳೆದ ಪ್ರತಿಯೊಂದು ಪೆಟ್ರೋಲು, ಡೀಸೆಲು ವಾಹನಕ್ಕೂ ಹೊಗೆ ತಪಾಸಣೆಯ ಪ್ರಮಾಣಪತ್ರವಿರಬೇಕು. ಅದರ ಅವಧಿ ಹಳೆಯ ಗಾಡಿಗಳಿಗೆ 6 ತಿಂಗಳು; ಭಾರತ್ ಸ್ಟೇಜ್ 4 ಮತ್ತು 6ರ ದರ್ಜೆಯವಕ್ಕೆ 1 ವರ್ಷ. 2019ರ ತಿದ್ದುಪಡಿಯಾದ ಮೇಲೆ, ಹೊಗೆಯ ಮಿತಿಯನ್ನು ಮೀರಿದವರಿಗೆ 10,000 ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದಾಗಿದೆ.

ಆದರೆ ಕಾಗದವು ಗಾಳಿಯನ್ನು ಶುದ್ಧಿಗೊಳಿಸಲಾರದು. ಪೆಟ್ರೋಲು ಕಾರನ್ನು ನಿಂತಲ್ಲಿಯೇ ಚಾಲೂ ಮಾಡಿ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನುಗಳನ್ನು ಅಳೆಯುತ್ತಾರೆ. ಡೀಸೆಲು ಕಾರಿನಲ್ಲಿ ಹೊಗೆಯ ಸಾಂದ್ರತೆಯನ್ನು ನೋಡುತ್ತಾರೆ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳ ಲೆಕ್ಕವಾಗಲಿ, ನೈಟ್ರೋಜನ್ ಆಕ್ಸೈಡುಗಳ ಲೆಕ್ಕವಾಗಲಿ ಅಲ್ಲಿಲ್ಲ. ಪರೀಕ್ಷೆಯಲ್ಲಿ ಒಂದು ಮುಖ, ರಸ್ತೆಯಲ್ಲಿ ಇನ್ನೊಂದು ಮುಖ ತೋರುವ ಯಂತ್ರಗಳನ್ನು ತಾನು ಮಾರಿದ್ದುಂಟೆಂದು ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಯೇ 2015ರಲ್ಲಿ ಒಪ್ಪಿಕೊಂಡದ್ದನ್ನು ಮರೆಯಲಾಗದು. ಇಷ್ಟು ಅಲ್ಪವಾದ ಪರೀಕ್ಷೆಯನ್ನೂ ತಪ್ಪಿಸಿ, ಗಾಡಿಯನ್ನು ಯಂತ್ರದ ಬಳಿಗೆ ತಾರದೆಯೇ ಪತ್ರವನ್ನು ಕೊಳ್ಳಲೆಳಸುವವನು ಯಾರನ್ನು ವಂಚಿಸುತ್ತಾನೆ? ತನ್ನ ಮನೆಯ ಮಗುವಿನ ಉಸಿರನ್ನೇ ಅಲ್ಲವೇ!

ಬಲಾತ್ಕಾರದ ಆಸರೆಯೂ ಸ್ಥಿರವಲ್ಲ. ತಪಾಸಣೆಯ ಪತ್ರವಿಲ್ಲದೆ ವಿಮೆಯನ್ನು ನವೀಕರಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ವಿಧಿಸಿದ್ದ ಕಟ್ಟಳೆಯನ್ನು 2024ರಲ್ಲಿ ತಾನೇ ಹಿಂತೆಗೆದುಕೊಂಡಿತು. ಇನ್ನುಳಿದಿರುವುದು ನಮ್ಮ ಅಂತಃಕರಣ ಮತ್ತು ಅಧಿಕಾರಿಗಳ ದಕ್ಷತೆ.

ಸಾರಿಗೆ ಇಲಾಖೆಯವರು ತಪಾಸಣಾ ಕೇಂದ್ರಗಳನ್ನು ಮುನ್ಸೂಚನೆಯಿಲ್ಲದೆ ಪರೀಕ್ಷಿಸಲಿ. ಓಡುವ ಗಾಡಿಯ ಹೊಗೆಯನ್ನು ರಸ್ತೆಯಲ್ಲಿಯೇ ಅಳೆಯುವ ಸಾಧನಗಳನ್ನು ನಿಲ್ಲಿಸಲಿ. ಮೊದಲ ತಪಾಸಣೆ ಸರ್ಕಾರಿ ಅಧಿಕಾರಿಗಳ ಕಾರುಗಳದೇ ಆಗಲಿ. ಆಗ ಜನರೂ ಹಿಂದುಳಿಯರು.

1930ರಲ್ಲಿ ಪರರ ಉಪ್ಪಿನ ಕಾಯಿದೆಯನ್ನು ಮುರಿದದ್ದು ದೇಶಸೇವೆಯಾಯಿತು. ಇಂದಿನ ಹೊಗೆಯ ಕಾಯಿದೆಯಾದರೋ ನಮ್ಮದು. ಅದನ್ನು ಮುರಿಯುವುದು ಆತ್ಮವಂಚನೆ. ಸ್ವರಾಜ್ಯವೆಂದರೆ ಪೋಲೀಸಿನವರು ನೋಡದಿದ್ದಾಗಲೂ ನಿಯಮಕ್ಕೆ ನಡೆಯುವುದೆಂಬುದನ್ನು ನಮ್ಮ ಕಾರಿನ ಒಡೆಯರು ಆಚರಿಸಿ ತೋರಲಿ.