ಲಕ್ಷ್ಮಣಫಲ ಮತ್ತು ಆ ಹತ್ತು ಸಾವಿರ ಪಟ್ಟು

ಮತ್ತೆ ಬಂತು ಸ್ವಾಮೀ ಅದೇ ಫಾರ್ವರ್ಡ್! "ಲಕ್ಷ್ಮಣಫಲ ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ, ಔಷಧ ಕಂಪನಿಗಳು ಮುಚ್ಚಿಟ್ಟಿವೆ, ಹತ್ತು ಜನಕ್ಕೆ ಕಳಿಸಿ." ಕೆಳಗೆ ನಮ್ಮ ಋಷಿಮುನಿಗಳಿಗೊಂದು ನಮಸ್ಕಾರ ಬೇರೆ. ಆ ಮರದ ತವರು ಅಮೆರಿಕ ಖಂಡದ ಬಿಸಿ ನಾಡುಗಳು. ಅದು ಅಲ್ಲಿನವರ ನಾಟಿಮದ್ದು, ನಮ್ಮ ಋಷಿಗಳದ್ದಲ್ಲ. ಹೋಗಲಿ ಬಿಡಿ.

ಈ 10,000 ಆಕಾಶದಿಂದ ಬಿದ್ದ ಸಂಖ್ಯೆಯೇನಲ್ಲ. 1996ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನದ್ದು. ಬೀಜದಿಂದ ಬೇರ್ಪಡಿಸಿದ ಒಂದು ಅಸಿಟೋಜೆನಿನ್, ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್‌ಗಿಂತ 10,000 ಪಟ್ಟು ಪ್ರಬಲವಾಗಿ ಕೆಲಸ ಮಾಡಿತಂತೆ. ಒಪ್ಪಿದೆ. ಆದರೆ ಬೀಜದ ಒಂದು ಶುದ್ಧ ರಾಸಾಯನಿಕ, ಒಂದೇ ಬಗೆಯ ಕೋಶ, ಪ್ರಯೋಗಶಾಲೆಯ ತಟ್ಟೆ... ಇದು ಎಲೆ ಕಷಾಯ ಕುಡಿದ ಮನುಷ್ಯನ ಕಥೆ ಹೇಗಾಯ್ತು? ತಟ್ಟೆಯಲ್ಲಿರೋ ಕೋಶಗಳನ್ನು ಫಿನಾಯಿಲ್ ಕೂಡ ಕೊಲ್ಲುತ್ತೆ. "ನನ್ನ ಮಶೀನಲ್ಲಿ ಓಡ್ತಾ ಇದೆ" ಅಂತ ಕೋಡನ್ನು ನೇರ ಪ್ರೊಡಕ್ಷನ್‌ಗೆ ತಳ್ಳಿದರೆ ನಮ್ಮ ಮ್ಯಾನೇಜರ್ ಸುಮ್ಮನಿರ್ತಾರಾ? :-)

ಫಾರ್ವರ್ಡಿನಲ್ಲಿ ಇಲ್ಲದ ಇನ್ನೊಂದು ವಿಷಯ. 1999ರಲ್ಲಿ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಿಂದ ಒಂದು ವರದಿ ಬಂತು. ಅಲ್ಲಿ ಪಾರ್ಕಿನ್ಸನ್ ಹೋಲುವ ವಿಚಿತ್ರ ಕಾಯಿಲೆ ಇದ್ದವರಲ್ಲಿ ಈ ಹಣ್ಣು ತಿನ್ನುವ, ಎಲೆ ಕಷಾಯ ಕುಡಿಯುವ ಅಭ್ಯಾಸ ಹೆಚ್ಚಾಗಿ ಕಂಡಿತ್ತು. ಇದು ಬರೀ ನಂಟು, ಸಾಬೀತಲ್ಲ. ಆದರೆ ಇದರಲ್ಲಿರುವ ಅನೋನಾಸಿನ್ ನರಕೋಶಗಳನ್ನು ಕೊಲ್ಲುತ್ತೆ ಅಂತ ಆಮೇಲೆ ಪ್ರಯೋಗಗಳಲ್ಲಿ ಕಂಡಿದೆ. ತಟ್ಟೆಯ ಒಳ್ಳೇ ಸುದ್ದಿ ಬೇಕು, ಕೆಟ್ಟ ಸುದ್ದಿ ಬೇಡ ಅಂದ್ರೆ ಹೇಗೆ?

ಇಷ್ಟು ಬರೆದ ಕೂಡಲೇ "ಗಿಡಮೂಲಿಕೆ ಎಲ್ಲಾ ಬೊಗಳೆ" ಅನ್ನೋ ಗೆಳೆಯರು ಚಪ್ಪಾಳೆ ತಟ್ಟಬೇಡಿ. ಮನೆ ಮುಂದಿನ ನಿತ್ಯಪುಷ್ಪ ನೋಡಿ. ಜಮೈಕಾದಲ್ಲಿ ಅದರ ಎಲೆ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡೀತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳ ಮೇಲೆ ಪರೀಕ್ಷಿಸಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು! ಅಲ್ಲಿಂದ 1958ರಲ್ಲಿ ವಿನ್‌ಬ್ಲಾಸ್ಟಿನ್ ಹೊರಬಂತು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಅದು ಬೇಕೇ ಬೇಕು. ಅಂದ್ರೆ ಜನಪದ ವೈದ್ಯ ಗಿಡ ತೋರಿಸಿತು, ಕಾಯಿಲೆ ಮಾತ್ರ ಬೇರೆ. ಪರೀಕ್ಷೆ ಮಾಡದಿದ್ದರೆ ಇದು ಗೊತ್ತಾಗ್ತಲೇ ಇರಲಿಲ್ಲ.

ಹಾಗಂತ ನಿತ್ಯಪುಷ್ಪದ ಎಲೆ ಅರೆದು ಕುಡಿಯೋಕೆ ಹೋಗಬೇಡಿ ಮಾರಾಯ್ರೇ. ವಿನ್‌ಕ್ರಿಸ್ಟಿನ್‌ನ ಒಂದು ಡೋಸ್ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಲ್ಲ, ರಕ್ತನಾಳಕ್ಕೇ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗುತ್ತೆ. ಅಂಥ ವಸ್ತುವನ್ನು ಒಂದು ಹಿಡಿ ಎಲೆ, ಎರಡು ಲೋಟ ನೀರು ಅಂತ ಅಳೀತೀರಾ?

ನನಗೆ ಸಿಟ್ಟು ಬರೋದು ಸುಮ್ಮನೆ ಅಲ್ಲ. ನಮ್ಮ ಪರಿಚಯದ ಒಬ್ಬರು ಸ್ತನ ಕ್ಯಾನ್ಸರಿಗೆ ಎರಡು ಸಲ ಕೀಮೋ ತಗೊಂಡು, ಕೂದಲು ಉದುರಿದ್ದಕ್ಕೆ ಹೆದರಿ, ಈ ಎಲೆ ಹಿಡಿದು ಕೂತರು. ಆರು ತಿಂಗಳ ನಂತರ ಆಸ್ಪತ್ರೆಗೆ ಹೋದಾಗ ಅದು ಮೂಳೆಗೆ ಹಬ್ಬಿತ್ತು. ಎಲೆ ಕಳಿಸಿದ ಪುಣ್ಯಾತ್ಮರು ಆಮೇಲೆ ಫೋನ್ ಎತ್ತಲಿಲ್ಲ.

ಮುಂದಿನ ಸಲ ಕಳಿಸೋರು ಜೊತೆಗೆ ಇಷ್ಟನ್ನೂ ಕಳಿಸಿ. ಎಷ್ಟು ರೋಗಿಗಳಿಗೆ ಕೊಟ್ಟರು? ಯಾವ ಚಿಕಿತ್ಸೆಯ ಜೊತೆ ಹೋಲಿಸಿದರು? ವಾಸಿಯಾಗದವರ ಲೆಕ್ಕ ಎಲ್ಲಿ ಬರೆದಿಟ್ಟಿದ್ದಾರೆ? ಓದೋಕೆ ಕಾಯ್ತಾ ಇರ್ತೀನಿ.